ಒಂದು ಗೇಣು ನಾಲ್ಕು ಬೆರಳು

ನಾನು ಉಂಡೆನೋ ಇಲ್ಲವೋ ಎಂದು ಹೆಂಡತಿ ಶಾಂಭವಿ ಕೇಳಿ ವರ್ಷಗಳಾದವು. (ಕೇಳದಿದ್ದರೂ ಉಣ್ಣುತ್ತೇನೆ, ಅದು ಬೇರೆ ಮಾತು.) ಮನೆಯ ಹೋರಿ ಮಾತ್ರ ಒಂದು ಹೊತ್ತು ಕಣಿಕಿ ಮೇವು ಮುಟ್ಟದಿದ್ದರೆ ಸುರಪುರದಿಂದ ಡಾಕ್ಟರು ಬರುತ್ತಾರೆ.

ಸೋಮವಾರ ಬಸವಣ್ಣನ ವಾರ, ನಮ್ಮಲ್ಲಿ ಎತ್ತುಗಳನ್ನು ಹೂಡುವುದಿಲ್ಲ. ಇವಳು ಇನ್ನೂ ಒಂದು ಹೆಜ್ಜೆ ಮುಂದೆ. ಅಂದು ಹೋರಿಯ ಹಗ್ಗವನ್ನೇ ಬಿಚ್ಚಿ, ಹಣೆಗೆ ವಿಭೂತಿ ಹಚ್ಚಲು ದೊಡ್ಡಿಗೆ ಒಬ್ಬಳೇ ಹೋಗುತ್ತಾಳೆ. ಹೋದ ತಿಂಗಳು ಅದು ದನ ನೋಡಿಕೊಳ್ಳುವ ದೇವಿಂದ್ರನ ಪಕ್ಕೆಲುಬು ಮುರಿದ ಮೇಲೆ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮಾರಿಬಿಡೋಣ ಎಂದೆ.

"ಅದನ್ನೂ ನಮ್ಮಪ್ಪನೇ ಆರಿಸಿದ್ದ, ನಿಮ್ಮನ್ನೂ ನಮ್ಮಪ್ಪನೇ ಆರಿಸಿದ್ದ. ಒಂದರಾಗ ಮೋಸ ಹೋದ ಅಂತ ಇನ್ನೊಂದನ್ನ ಮಾರಲೇನ್ರಿ?"

ಹೀಗಾಗಿ ದೊಡ್ಡಿಗೆ ಕಬ್ಬಿಣದ ಬೇಲಿ, ಬೇಲಿಯಲ್ಲೊಂದು ಸಂದಿ ಮಾಡಿಸಿದೆ. ಹೋರಿ ಮೈಮೇಲೆ ಬಂದರೆ ಮನುಷ್ಯರು ನುಸುಳಿ ಪಾರಾಗಬೇಕು, ಹೋರಿ ದಾಟಬಾರದು. ವೆಲ್ಡಿಂಗ್ ಮಾಡುವ ಖಾಜಾಹುಸೇನ ಅಗಲ ಕೇಳಿದ. ಪರಪುರುಷನಿಗೆ ಹೆಂಡತಿಯ ಅಳತೆ ಹೇಳುವುದು ಹೇಗೆ? ಅವಳು ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ನಿಂತು ಗಾಳಿಯಲ್ಲೇ ಕದ್ದು ಅಳೆದುಕೊಂಡು ಬಂದೆ. ಒಂದು ಗೇಣು ನಾಲ್ಕು ಬೆರಳು.

ಸೋಮವಾರ ಅವಳಿಗೆ ತೋರಿಸಲು ನಾನೇ ಒಳಗೆ ಹೋದೆ. ಹೋರಿಗೆ ಬೆನ್ನು ಕೊಡಬಾರದು, ಓಡುವ ದಾರಿ ಮೊದಲೇ ನೋಡಿಟ್ಟುಕೊಳ್ಳಬೇಕು ಎಂದು ಉಪನ್ಯಾಸ ಆರಂಭಿಸಿದೆ. ಹೋರಿ ತಲೆ ತಗ್ಗಿಸಿ ನೆಲ ಕೆದರಿತು. ಉಪನ್ಯಾಸ ಮೊಟಕುಗೊಳಿಸಿ ಸಂದಿಗೆ ನುಗ್ಗಿದೆ. ತಲೆ ಬಂತು, ಭುಜ ಬಂತು. ಹೊಟ್ಟೆ ಬರಲಿಲ್ಲ.

ಶಾಂಭವಿ ಗೇಟು ತೆಗೆದು ಬಂದು, ಹೋರಿಯ ಕೊರಳು ನೇವರಿಸುತ್ತ ಅದನ್ನು ಗೋದಲಿಗೆ ಕರೆದೊಯ್ದಳು. ಪೈಪು ಕೊಯ್ಯಲು ಬಂದ ಖಾಜಾಹುಸೇನನನ್ನೂ ತಡೆದಳು. ಸದ್ದಿಗೆ ಹೋರಿ ಬೆದರುತ್ತದೆ, ಮೇವು ಮುಗಿಸಲಿ ಎಂದಳು. ಒಂದು ತಾಸು ನಾನು ಅರ್ಧ ಒಳಗೆ, ಅರ್ಧ ಹೊರಗೆ ನಿಂತಿದ್ದೆ. ಇದೆಲ್ಲ ನಿನ್ನ ಜೀವಕ್ಕಾಗಿಯೇ ಮಾಡಿಸಿದ್ದು ಎಂದು ಗದ್ಗದಿತನಾಗಿ ಹೇಳಿದೆ. ಅಷ್ಟರಲ್ಲಿ ಅವಳು ಹೋರಿಗೆ ನೀರು ತರಲು ಹೋಗಿದ್ದಳು. ಹೊಟ್ಟೆಗಿಂತ ಎದೆಯೇ ಹೆಚ್ಚು ನೊಂದಿತು.

ನನ್ನನ್ನು ಬಿಡಿಸಿದ ಮೇಲೆ ಖಾಜಾಹುಸೇನ ಸಂದಿ ದೊಡ್ಡದು ಮಾಡಲೇ ಎಂದು ಕೇಳಿದ.

"ಬ್ಯಾಡಪ್ಪ, ಮೊದಲು ಹ್ಯಾಂಗಿತ್ತೋ ಹಂಗ ಬೆಸುಗಿ ಹಾಕು," ಎಂದಳು ಶಾಂಭವಿ. "ಇವರಿಗಿ ನಾ ಬ್ಯಾರೆ ಬಂದೋಬಸ್ತ್ ಮಾಡ್ತೀನಿ."

ಮಾಡಿದಳು. ಈಗ ಅವಳು ದೊಡ್ಡಿಗೆ ಹೋಗುವ ಮುಂಚೆ ನನ್ನನ್ನು ಪಡಸಾಲೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕುತ್ತಾಳೆ. ಕೆಲಸದ ಸೂಗಮ್ಮ ಕಿಟಕಿಯಲ್ಲಿ ಚಹಾ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ.