ಫೋನಿನಲ್ಲಿ ಹನ್ನೊಂದು ಜನರನ್ನು ಆಡಿಸುವ ಅಧ್ಯಕ್ಷರಿಗೆ

ಮಾನ್ಯರೇ,

ಇಳಕಲ್ಲಿನ ಕೆಂಪುಕಲ್ಲು ಫುಟ್‌ಬಾಲ್ ಸಂಘದ ಅಧ್ಯಕ್ಷರೂ, ಗ್ರಾನೈಟ್ ವ್ಯಾಪಾರಿಗಳೂ, ನಮ್ಮ ಮೈದಾನದಲ್ಲಿರುವ ಒಂದೇ ಒಂದು ಬೇವಿನ ಮರದ ನೆರಳಿಗೆ ಕಾಯಂ ಹಕ್ಕುದಾರರೂ ಆದ ಶ್ರೀಶೈಲಪ್ಪನವರಿಗೆ ಸಂಘದ ಹದಿನೇಳನೆಯ ಸದಸ್ಯೆ ಗುರುಲಿಂಗವ್ವ ಮಾಡುವ ಶರಣು ಶರಣಾರ್ಥಿಗಳು. ತಾವು ಕುಟುಂಬ ಸಮೇತ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ತಮ್ಮ ಫೋನಿನ ಕ್ಷೇಮವನ್ನು ಪ್ರತ್ಯೇಕವಾಗಿ ಹಾರೈಸುತ್ತೇನೆ, ಏಕೆಂದರೆ ನಮ್ಮ ತಂಡವನ್ನು ಸದ್ಯ ನಡೆಸುತ್ತಿರುವುದು ಅದೇ.

ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಊರಿನವರ ದೂರು ಕೇಳಿದವಳು ನಾನು. ದೂರು ಹೇಳುವವರು ತಮ್ಮ ತಪ್ಪನ್ನು ಕೊನೆಗೆ ಇಟ್ಟುಕೊಂಡು, ಅಷ್ಟರಲ್ಲಿ ಮರೆತೇಬಿಡುತ್ತಾರೆ. ಆದ್ದರಿಂದ ನನ್ನದನ್ನು ಮೊದಲೇ ಒಪ್ಪಿಸುತ್ತೇನೆ. ಹದಿನಾಲ್ಕು ವರ್ಷದಿಂದ ತಂಡ ನೋಡಿಕೊಳ್ಳುತ್ತಿದ್ದ ಅಹ್ಮದಸಾಬರ ಬದಲು ಹೊಸ ಮ್ಯಾನೇಜರರನ್ನು ತರೋಣವೇ ಎಂದು ಜೂನ್ ತಿಂಗಳ ಸಭೆಯಲ್ಲಿ ತಾವು ಕೇಳಿದಾಗ, ಆಗಲಿ ಎಂದು ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಏಳು ವರ್ಷದಿಂದ ಜಿಲ್ಲಾ ಕಪ್ಪಿನಲ್ಲಿ ನಾವು ಕ್ವಾರ್ಟರ್ ಫೈನಲ್ ದಾಟಿರಲಿಲ್ಲ, ನನಗೂ ಬೇಸರವಾಗಿತ್ತು. ಅವರನ್ನು ಎದುರು ಕೂರಿಸಿ ಹೇಳುತ್ತೀರಿ, ಒಂದು ಶಾಲು ಹೊದಿಸುತ್ತೀರಿ ಎಂದುಕೊಂಡಿದ್ದೆ. ತಮ್ಮ ಕಾರ್ಯದಕ್ಷತೆಯನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ.

ಮರುದಿನ ಬೆಳಿಗ್ಗೆ ಆರೂವರೆಗೆ ತಾವು ವಾಟ್ಸಾಪ್ ಗುಂಪಿನಲ್ಲಿ, 'ಅಹ್ಮದಸಾಬ ಅವರ ಸೇವೆಗೆ ಧನ್ಯವಾದಗಳು' ಎಂದು ಬರೆದು, ಕೈಮುಗಿದ ಚಿತ್ರ ಹಾಕಿ, ಅದೇ ನಿಮಿಷದಲ್ಲಿ ಅವರನ್ನು ಗುಂಪಿನಿಂದ ತೆಗೆದುಹಾಕಿದಿರಿ. ಆಗ ಅವರು ಮೈದಾನದಲ್ಲಿ ಸುಣ್ಣದ ಡಬ್ಬಿ ಹಿಡಿದು ಗೆರೆ ಹಾಕುತ್ತಿದ್ದರು. ವಾಕಿಂಗಿಗೆ ಹೋಗಿದ್ದ ನಾನೇ ನನ್ನ ಫೋನನ್ನು ಅವರ ಮುಂದೆ ಹಿಡಿಯಬೇಕಾಯಿತು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಗೋಲಿನ ಕಡಿ ಗೆರಿ ಅಷ್ಟ ಉಳದೈತ್ರಿ ಅಕ್ಕಾರ. ಮುಗಿಸಿ ಹೋಗ್ತೇನಿ," ಎಂದರು. ಮುಗಿಸಿಯೇ ಹೋದರು. ಆ ಗೆರೆ ಎಷ್ಟು ನೆಟ್ಟಗಿತ್ತೆಂದರೆ, ನೋಡುತ್ತ ನಿಂತ ನನಗೆ ತಲೆ ಎತ್ತಲಾಗಲಿಲ್ಲ.

ಹೊಸ ಮ್ಯಾನೇಜರರಾಗಿ ತಾವು ಆರಿಸಿ ತಂದವರು ಬಾಗಲಕೋಟೆಯ ವಿದ್ಯಾಗಿರಿಯ ಸಂತೋಷಕುಮಾರ. ವಯಸ್ಸು ಇಪ್ಪತ್ತೊಂಬತ್ತು, ಕೈಯಲ್ಲಿ ಲ್ಯಾಪ್‌ಟಾಪ್, ತರಬೇತಿಯ ಎರಡು ಸರ್ಟಿಫಿಕೇಟು. ಅವರು ಬಂದ ವಾರ ಬಸ್‌ಸ್ಟ್ಯಾಂಡಿನ ಎದುರಿನ ಇಮಾಮಹುಸೇನರ ಚಹಾದಂಗಡಿಯಲ್ಲಿ ನಡೆದ ಚರ್ಚೆಯನ್ನು ತಾವು ಕೇಳಬೇಕಿತ್ತು. ಇಂಗ್ಲೆಂಡಿನ ಕ್ಲಬ್ಬುಗಳು ಯಾವ ಮ್ಯಾನೇಜರನ್ನು ಯಾವಾಗ ಮನೆಗೆ ಕಳಿಸಬೇಕೆಂದು ಪ್ರತಿ ಭಾನುವಾರ ತೀರ್ಮಾನಿಸುವ ನಮ್ಮ ಅಭಿಮಾನಿಗಳಿಗೆ ಮೊದಲ ಬಾರಿಗೆ ಸ್ವಂತ ಊರಿನ ಕೆಲಸ ಸಿಕ್ಕಿತ್ತು. ಮಗ್ಗದ ಈರಪ್ಪ ಹೊಸಬರ ಪರ. "ಅಹ್ಮದಸಾಬ ಭಾಳ ಒಳ್ಳೇ ಮನಶ್ಯಾ ಖರೆ. ಆದ್ರ ಒಳ್ಳೇತನಕ್ಕ ಗೋಲ್ ಕೊಡಂಗಿಲ್ಲಲ್ರಿ," ಎಂದ. ಹಳಬರ ಪರ ಇದ್ದವರು, ಯಾವ ಹುಡುಗನ ಯಾವ ಮೊಣಕಾಲು ಚಳಿಗೆ ನೋಯುತ್ತದೆ ಎಂಬುದು ಲ್ಯಾಪ್‌ಟಾಪಿನಲ್ಲಿ ಇರುತ್ತದೆಯೇ ಎಂದು ಕೇಳಿದರು. ಎರಡೂ ಕಡೆಯವರಿಗೆ ಚಹಾ ಸೋಸಿ ಕೊಡುತ್ತಿದ್ದ ಇಮಾಮಹುಸೇನರು ಮಾತ್ರ, "ಮ್ಯಾನೇಜರ್ ಬದ್ಲಾದ್ರ ಏನ್ ಆಕ್ಕೈತಲೇ? ಫೋನ್ ಮಾಡಾವ್ರು ಅವ್ರ ಅದಾರಲ್ಲ," ಎಂದರು. ಯಾರೂ ಅದಕ್ಕೆ ಕಿವಿಗೊಡಲಿಲ್ಲ. ನಾನು ಕೂಡ.

ಸಂತೋಷಕುಮಾರರು ಕೆಟ್ಟವರಲ್ಲ. ಎರಡನೆಯ ವಾರದ ಹೊತ್ತಿಗೆ ಲ್ಯಾಪ್‌ಟಾಪನ್ನು ಕೋಣೆಯಲ್ಲಿಟ್ಟು, ಹುಡುಗರ ಜೊತೆ ತಾವೂ ಓಡಲು ಶುರುಮಾಡಿದ್ದರು. ಕ್ವಾರ್ಟರ್ ಫೈನಲ್ಲಿನಲ್ಲಿ ಬಾದಾಮಿಯ ತಂಡದ ಎದುರು ಆಡಬೇಕಾದ ಹನ್ನೊಂದು ಹೆಸರುಗಳನ್ನು ಶುಕ್ರವಾರವೇ ಬರೆದು ತಮಗೆ ಕಳಿಸಿದರು. ಅದನ್ನು ತಾವು ತಿದ್ದಿ ಕಳಿಸಿದ ಚುರುಕುತನ, ನಮ್ಮ ಕಾಲದ ಸಾಲಿ ಮಾಸ್ತರರಿಗೂ ಇರಲಿಲ್ಲ. ಆರು ವರ್ಷದಿಂದ ರಕ್ಷಣೆಯ ನಡುಮಧ್ಯೆ ಗೋಡೆಯ ಹಾಗೆ ನಿಲ್ಲುವ ಅರ್ಷದನನ್ನು ಹೊರಗೆ ಕೂರಿಸಿ, ಆ ಜಾಗಕ್ಕೆ ತಮ್ಮ ಕ್ವಾರಿಯ ಮೇಸ್ತ್ರಿಯ ತಮ್ಮನನ್ನು ಹಾಕಿದಿರಿ. ಅವನು ಎತ್ತರವಾಗಿದ್ದಾನೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತಾನೆ ಎಂಬ ತಮ್ಮ ಕಾರಣವನ್ನು ಬಾದಾಮಿಯವರೂ ಮೆಚ್ಚಿಕೊಂಡರು. ಅವನ ಪಕ್ಕದಿಂದಲೇ ಹಾದು ಅರ್ಧ ಆಟದೊಳಗೆ ನಾಲ್ಕು ಗೋಲು ಹೊಡೆದರು.

ಪಂದ್ಯ ನಡೆದ ಬಾಗಲಕೋಟೆಗೆ ತಾವು ಬಂದಿರಲಿಲ್ಲ. ಮನೆಯಲ್ಲೇ ಕೂತು ಯಾರೋ ಮೊಬೈಲಿನಲ್ಲಿ ತೋರಿಸುತ್ತಿದ್ದುದನ್ನು ನೋಡುತ್ತಿದ್ದಿರಿ. ಹಾಗಿದ್ದೂ ನಲವತ್ತೈದು ನಿಮಿಷದಲ್ಲಿ ಹತ್ತೊಂಬತ್ತು ಸಲ ಫೋನ್ ಮಾಡಿದಿರಿ. ಗೆರೆಯ ಪಕ್ಕದಲ್ಲೇ ಕೂತಿದ್ದೆನಾದ್ದರಿಂದ ಎಣಿಸಿದ್ದೇನೆ. ಕಿವಿಗೆ ಫೋನ್ ಒತ್ತಿಕೊಂಡ ಸಂತೋಷಕುಮಾರರು ಎಡಕ್ಕೆ ಹೋಗಿ ಎಂದು ಹುಡುಗರಿಗೆ ಕೂಗುವಷ್ಟರಲ್ಲಿ ಚೆಂಡು ಬಲಗಡೆಯಿಂದ ನಮ್ಮ ಗೋಲಿನೊಳಗೆ ಹೋಗಿರುತ್ತಿತ್ತು.

ಅರ್ಧ ಆಟ ಮುಗಿದಾಗ ಆ ಯುವಕ ನೇರವಾಗಿ ಬೇಲಿಯ ಕಡೆ ನಡೆದರು. ಅಲ್ಲಿ ಜನರ ನಡುವೆ ಅಹ್ಮದಸಾಬರು ನಿಂತಿದ್ದರು. ಕೆಂಪು ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು; ಯಾರೂ ಕರೆದಿರಲಿಲ್ಲ. "ಕಾಕಾ, ಏನ್ ಮಾಡ್ಲಿ ಹೇಳ್ರಿ," ಎಂದರು ಸಂತೋಷಕುಮಾರ.

"ನನ್ನ ಕೇಳಬ್ಯಾಡಪಾ. ಈಗ ತಂಡ ನಿಂದು," ಎಂದರು ಅಹ್ಮದಸಾಬರು. ಬೇಲಿಯ ಮೇಲೆ ಬಾಗಿ, "ಶುಕ್ರವಾರ ನೀ ಏನ್ ಬರದಿದ್ದಿ, ಅದನ್ನ ಮಾಡು. ಆ ಫೋನ್ ಬಂದ್ ಮಾಡು," ಎಂದರು.

ಸಂತೋಷಕುಮಾರರು ಫೋನ್ ಬಂದ್ ಮಾಡಿ ನನ್ನ ಕೈಗೆ ಕೊಟ್ಟರು. ಅರ್ಷದ ಒಳಗೆ ಬಂದ. ಎರಡನೆಯ ಅರ್ಧದಲ್ಲಿ ಬಾದಾಮಿಯವರಿಗೆ ಒಂದೂ ಗೋಲು ಸಿಗಲಿಲ್ಲ. ನಮ್ಮವರು ಎರಡು ಹೊಡೆದರು, ಮೂರನೆಯದು ಕಂಬಕ್ಕೆ ಬಡಿದು ಹೊರಗೆ ಹೋಯಿತು. ನಾಲ್ಕು-ಎರಡು ಗೋಲುಗಳಿಂದ ಸೋತೆವು. ಆದರೂ ಹುಡುಗರು ಮೈದಾನದಿಂದ ಹೊರಬರುವಾಗ ಬಾದಾಮಿಯ ಜನವೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಏಳು ವರ್ಷದಲ್ಲಿ ಇಂಥ ಸೋಲು ನಾನು ನೋಡಿರಲಿಲ್ಲ.

ಮಾನ್ಯರೇ, ಇಷ್ಟಾದ ಮೇಲೆ ತಾವು ಮಾಡಿದ್ದನ್ನು ಹೊಗಳಲು ನನ್ನ ಕನ್ನಡ ಸಾಲದು. ತಂಡದ ಬಸ್ಸು ಅಮೀನಗಡ ದಾಟುವಾಗ ಗುಂಪಿನಲ್ಲಿ ಸಂದೇಶ ಬಂತು. 'ಪಂದ್ಯದ ಮಹತ್ವದ ಸಮಯದಲ್ಲಿ ಸಂಪರ್ಕಕ್ಕೆ ಸಿಗದ ಕಾರಣ' ಸಂತೋಷಕುಮಾರರನ್ನೂ ತಾವು ಬಿಡುಗಡೆ ಮಾಡಿದ್ದಿರಿ. ಅರ್ಷದ ಅದನ್ನು ಗಟ್ಟಿಯಾಗಿ ಓದಿ ಅರ್ಧಕ್ಕೆ ನಿಲ್ಲಿಸಿದ. ಸಂತೋಷಕುಮಾರರು ಎದ್ದು ಚೀಲ ಹೆಗಲಿಗೇರಿಸಿ, ಇಲ್ಲೇ ಇಳಿದು ಬಾಗಲಕೋಟೆಗೆ ತಿರುಗಿ ಹೋಗುತ್ತೇನೆಂದು ಡ್ರೈವರಿಗೆ ಹೇಳಿದರು. ಹುಡುಗರ ಒತ್ತಾಯಕ್ಕೆ ನಮ್ಮ ಬಸ್ಸನ್ನೇ ಹತ್ತಿದ್ದ ಅಹ್ಮದಸಾಬರು ಅವರ ತೋಳು ಹಿಡಿದರು. "ಕುಂದ್ರು. ನನಗೂ ಹಿಂಗ ಆಗೈತಿ, ಸಾಯಂಗಿಲ್ಲ. ನಾಳೆ ಮುಂಜಾನೆ ಹುಡುಗ್ರು ಬರ್ತಾರ, ಇಬ್ರೂ ಕೂಡಿ ನಿಲ್ಲೋಣು." ಸಂತೋಷಕುಮಾರರು ಕೂತರು. ಇಳಕಲ್ಲು ಬರುವವರೆಗೆ ಇಬ್ಬರೂ ಮೂರನೆಯ ಗೋಲು ಯಾಕೆ ಕಂಬಕ್ಕೆ ಬಡಿಯಿತು ಎಂಬುದನ್ನೇ ಮಾತಾಡಿದರು.

ಮರುದಿನ ಬೆಳಿಗ್ಗೆ ತಾವು ಮೈದಾನದ ಗೇಟಿಗೆ ಬೀಗ ಹಾಕಿಸಿ, 'ಮ್ಯಾನೇಜರ್ ಬೇಕಾಗಿದ್ದಾರೆ' ಎಂಬ ಫಲಕ ತೂಗಿಸಿದಿರಿ. ಆ ಹುದ್ದೆಗೆ ನನ್ನ ಕೆಲವು ನಮ್ರ ಸಲಹೆಗಳಿವೆ. ಅಭ್ಯರ್ಥಿಗೆ ಎರಡು ಕಿವಿ ಇರಲಿ, ಬಾಯಿ ಬೇಡ. ಅಂಥವರು ಸಿಗದಿದ್ದರೆ ತಮ್ಮದೇ ಒಂದು ದೊಡ್ಡ ಫೋಟೋವನ್ನು ಗೆರೆಯ ಪಕ್ಕದಲ್ಲಿ ನಿಲ್ಲಿಸಬಹುದು. ಚೆಂಡಿನೊಳಗೇ ಒಂದು ಸಿಮ್ ಕಾರ್ಡ್ ಹಾಕಿಸಿದರೆ ನಡುವೆ ಆಟಗಾರರ ತೊಂದರೆಯೂ ತಪ್ಪುತ್ತದೆ. ತಾವು ನೇರವಾಗಿ ಅದಕ್ಕೇ ಹೇಳಬಹುದು.

ತಂಡದ ಚಿಂತೆ ತಮಗೆ ಬೇಡ. ಹದಿನೆಂಟು ಹುಡುಗರೂ ಈಗ ಹುನಗುಂದ ರಸ್ತೆಯ ಬದಿಯ ಬಯಲಿನಲ್ಲಿ ಇಬ್ಬರು ಮ್ಯಾನೇಜರರ ಕೈಕೆಳಗೆ ಅಭ್ಯಾಸ ಮಾಡುತ್ತಿದ್ದಾರೆ. ಒಬ್ಬರು ಓಡಿಸುತ್ತಾರೆ, ಇನ್ನೊಬ್ಬರು ನಿಲ್ಲಿಸಿ ತಿದ್ದುತ್ತಾರೆ. ದಿನಕ್ಕೆರಡು ಸಲವಾದರೂ ಜಗಳವಾಡುತ್ತಾರೆ. ತಮ್ಮ ಮೇಸ್ತ್ರಿಯ ತಮ್ಮನೂ ಬರುತ್ತಾನೆ. ಅವನನ್ನು ಗೋಲ್‌ಕೀಪರ್ ಮಾಡಿದ್ದಾರೆ, ಎತ್ತರ ಅಲ್ಲಿ ಕೆಲಸಕ್ಕೆ ಬರುತ್ತಿದೆ.

ಇನ್ನು ನನ್ನ ನಿಜವಾದ ಬೇಡಿಕೆ. ಸಂಘದ ನಿಯಮದ ಪ್ರಕಾರ ಮೂರನೆಯ ಒಂದು ಭಾಗ ಸದಸ್ಯರು ಕೇಳಿದರೆ ಅಧ್ಯಕ್ಷರು ವಿಶೇಷ ಸಭೆ ಕರೆಯಲೇಬೇಕು. ಅದಕ್ಕಿಂತ ಹೆಚ್ಚು ಜನ ಕೇಳಿದ್ದೇವೆ. ಬರುವ ಭಾನುವಾರ ಹತ್ತು ಗಂಟೆಗೆ ತಾವು ಬಂದು, ಆಡುವವರನ್ನು ಆರಿಸುವವರು ಯಾರು ಎಂಬ ಒಂದೇ ಪ್ರಶ್ನೆಗೆ ನಮ್ಮ ಎದುರು ನಿಂತು ಉತ್ತರ ಕೊಡಬೇಕು. ನಾನು ಅಹ್ಮದಸಾಬರ ಮನೆಗೆ ಹೋಗಿ ಕ್ಷಮೆ ಕೇಳಿ ಬಂದಿದ್ದೇನೆ. ಅವರ ಮನೆಯವರು ಬಿಬಿಜಾನ ಮೊದಲು ಮುಖ ತಿರುಗಿಸಿ ಒಳಗೆ ಹೋದರು. ಆಮೇಲೆ ಊಟಕ್ಕೆ ಕೂರಿಸಿದರು. ತಮಗೂ ಅಷ್ಟು ಕಷ್ಟವಾಗಲಾರದು.

ಸೋತ ತಂಡದ ಜೊತೆಗಿದ್ದೂ
ತಮ್ಮ ವಿಶ್ವಾಸಿಯೇ ಆದ
ಗುರುಲಿಂಗವ್ವ
ನಿವೃತ್ತ ಅಂಚೆ ಸಹಾಯಕಿ, ಇಳಕಲ್ಲು

ತಾ.ಕ.: ನನ್ನನ್ನೂ ತಾವು ನಿನ್ನೆ ಗುಂಪಿನಿಂದ ತೆಗೆದಿರುವುದರಿಂದ ಈ ಪತ್ರವನ್ನು ಇಮಾಮಹುಸೇನರ ಅಂಗಡಿಯ ಗೋಡೆಗೆ ಅಂಟಿಸಲಾಗಿದೆ. ಓದಲು ಬರುವಾಗ ಕನ್ನಡಕ ಮರೆಯಬೇಡಿ. ಕೆಳಗೆ ಸಹಿ ಹಾಕಲು ಬಂದವರು ಹೆಚ್ಚಾಗಿ ಹಾಳೆ ಸಾಲದೆ, ಕೊನೆಯ ಮೂವತ್ತು ಜನ ಬಹಳ ಸಣ್ಣ ಅಕ್ಷರದಲ್ಲಿ ಬರೆಯಬೇಕಾಯಿತು.