ಕರಿಯಪ್ಪ ದೆಹಲಿಯಲ್ಲಿ ಕುಣಿದದ್ದನ್ನು ನಾನು ರೆಕಾರ್ಡು ಮಾಡಿದ್ದು

ಯಾವ ಯಂತ್ರವೇ ಆಗಲಿ, ಬರುವ ಮುಂಚೆ ಕೆಲಸ ಮಾಡುವಷ್ಟು ಚೆನ್ನಾಗಿ ಬಂದ ಮೇಲೆ ಮಾಡುವುದಿಲ್ಲ ಎಂಬುದು ನನ್ನ ಅನುಭವ. ನಮ್ಮ ಮನೆಗೆ ಮಿಕ್ಸಿ ಬರುವ ಮುಂಚಿನ ಆರು ತಿಂಗಳು ನಾನೂ ನನ್ನ ಹೆಂಡತಿ ಶಾರದೆಯೂ ಮನಸ್ಸಿನಲ್ಲೇ ಎಂತೆಂಥ ಚಟ್ನಿಗಳನ್ನು ತಿಂದೆವು! ಬಂದ ಮೇಲೆ ಅದು ಒಂದು ಹಿಡಿ ಕಡಲೆ ಹಾಕಿದರೆ ಸಾಕು, ಮೈ ಕಾಯಿಸಿಕೊಂಡು ಮುನಿಸಿಕೊಂಡು ಕೂತುಬಿಡುತ್ತಿತ್ತು. ಶಾರದೆ ಮೂರನೇ ದಿನಕ್ಕೇ ಒರಳಿಗೆ ವಾಪಸ್ಸಾದಳು. ಇಷ್ಟೆಲ್ಲ ಗೊತ್ತಿದ್ದೂ, ಹೊಸ ಯಂತ್ರವೊಂದು ಬರುತ್ತದೆ ಎಂದು ಕಿವಿಗೆ ಬಿದ್ದರೆ ನನಗೆ ಊಟ ಸೇರುವುದಿಲ್ಲ. ಇದು ನನ್ನ ಹುಟ್ಟುಗುಣ. ಮದುವೆಗೆ ಮುಂಚೆ ಹೆಣ್ಣು ನೋಡಲು ಮಧುಗಿರಿಗೆ ಹೋದಾಗ ಕೂಡ ನಾನು ಹೆಣ್ಣಿಗಿಂತ ಹೆಚ್ಚು ಹೊತ್ತು ನೋಡಿದ್ದು ಮಾವನವರ ಟೇಪ್ ರೆಕಾರ್ಡರನ್ನು ಎಂದು ಶಾರದೆ ಇವತ್ತಿಗೂ ಹೇಳುತ್ತಾಳೆ. ಸುಳ್ಳಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಆಗ ನಾನು ಪಾವಗಡದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಂದು ದಿನ ಹೆಡ್‌ಮಾಸ್ಟರು ಗಂಗಾಧರಯ್ಯನವರು, ಹಣೆಯ ವಿಭೂತಿ ಬೆವರಿಗೆ ಕರಗುತ್ತಿದ್ದರೂ ಲೆಕ್ಕಿಸದೆ, ಒಂದು ಸುತ್ತೋಲೆ ಹಿಡಿದುಕೊಂಡು ಸ್ಟಾಫ್‌ರೂಮಿಗೆ ಬಂದರು. ಉಪಗ್ರಹದಿಂದ ನೇರವಾಗಿ ಚಿತ್ರ ಹಿಡಿಯುವ ಒಂದು ಟೀವಿ, ಅದಕ್ಕೊಂದು ದೊಡ್ಡ ಡಿಶ್ಶು, ಬಂದ ಚಿತ್ರವನ್ನು ಟೇಪಿನ ಮೇಲೆ ಹಿಡಿದಿಡುವ ಒಂದು ವೀಸಿಆರ್, ಇಷ್ಟು ನಮ್ಮ ಶಾಲೆಗೆ ಮಂಜೂರಾಗಿತ್ತು. "ನೋಡ್ರೀ, ನೀವು ವಿಜ್ಞಾನದೋರು. ಇದರ ಜವಾಬ್ದಾರಿ ನಿಮ್ಮದು," ಅಂದರು. ನನಗೆ ಪ್ರಮೋಷನ್ ಬಂದಿದ್ದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ. ತುಮಕೂರಿನಲ್ಲಿ ಎರಡು ದಿನ ತರಬೇತಿಯೂ ಆಯಿತು. ಇದ್ದದ್ದು ಒಂದೇ ಯಂತ್ರ, ನಾವು ಮೂವತ್ತು ನಲವತ್ತು ಜನ. ಕೊರಟಗೆರೆಯಿಂದ ಬಂದಿದ್ದ ಮೇಷ್ಟ್ರು ನನ್ನ ಪಕ್ಕದಲ್ಲಿ ಸುಖವಾಗಿ ನಿದ್ದೆ ಮಾಡಿದರು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಆದರೆ ನನ್ನ ಮುಂದೆ ಶಿರಾದ ಮೇಷ್ಟ್ರೊಬ್ಬರು ಕೂತಿದ್ದರಿಂದ, ಎರಡು ದಿನದ ಕೊನೆಗೆ ನನಗೆ ಚೆನ್ನಾಗಿ ಪರಿಚಯವಾದದ್ದು ಅವರ ಬೆನ್ನು. ಆದರೂ ಒಂದು ವಿಷಯ ಪಕ್ಕಾ ತಿಳಿದುಕೊಂಡು ಬಂದೆ: ರೆಕಾರ್ಡು ಮಾಡಬೇಕಾದರೆ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು.

ಊರಿಗೆ ಬಂದು ನಾನು ಸುಮ್ಮನಿರಬೇಕಿತ್ತು. ಸುಮ್ಮನಿರಲಿಲ್ಲ. ಉಪಗ್ರಹ ಎಲ್ಲಿರುತ್ತದೆ, ಚಿತ್ರ ಹೇಗೆ ಇಳಿಯುತ್ತದೆ, ಅದನ್ನು ಹೇಗೆ ಹಿಡಿದಿಟ್ಟುಕೊಂಡು ಬೇಕಾದಾಗ ಬಿಚ್ಚಬಹುದು ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ತಿರುಗಿದೆ. ಹೇಳುತ್ತ ಹೇಳುತ್ತ ಯಂತ್ರ ಬೆಳೆಯಿತು. ಗಂಗಾಧರಯ್ಯನವರು ಗೈರುಹಾಜರಾದ ಮಕ್ಕಳಿಗೆ ಭಾನುವಾರ ಅದೇ ಪಾಠವನ್ನು ಮತ್ತೆ ತೋರಿಸುವ ಯೋಜನೆ ಹಾಕಿದರು. ಶಾರದೆ ಅಡುಗೆ ಕಾರ್ಯಕ್ರಮವನ್ನು ಹಿಡಿದಿಟ್ಟು, ಒಗ್ಗರಣೆಯ ಹತ್ತಿರ ನಿಲ್ಲಿಸಿ ನೋಡಬಹುದೇ ಎಂದು ಕೇಳಿದಳು. ಬಸ್ ಸ್ಟ್ಯಾಂಡಿನ ಹೋಟೆಲಿನ ರೆಡ್ಡಿಯವರಿಗೆ ತೆಲುಗು ಸಿನಿಮಾದ ಆಸೆ. ತುಮಕೂರಿನ ಬಸ್ಸು ಬಂದಾಗಲೆಲ್ಲ ಟಾಪಿನ ಮೇಲೆ ಕಣ್ಣು ಹಾಯಿಸಿ, ನಾನು ಕಂಡರೆ "ಏಮಿ ಸಾರ್, ಡಬ್ಬಾ ವಚ್ಚಿಂದಾ?" ಅನ್ನುತ್ತಿದ್ದರು. ಡಬ್ಬ ಬಂದಿರುತ್ತಿರಲಿಲ್ಲ. ಕುರಿ ಬಂದಿರುತ್ತಿತ್ತು, ಈರುಳ್ಳಿ ಮೂಟೆ ಬಂದಿರುತ್ತಿತ್ತು, ಒಂದು ಸಲ ಯಾರದೋ ಮದುವೆಯ ಮಂಚವೂ ಬಂತು.

ಎಲ್ಲರಿಗಿಂತ ಹೆಚ್ಚು ಆಸೆ ಹುಟ್ಟಿದ್ದು ನಮ್ಮ ಶಾಲೆಯ ಜವಾನ ಕರಿಯಪ್ಪನಿಗೆ, ಅದನ್ನು ಹುಟ್ಟಿಸಿದವನು ನಾನೇ. ಕರಿಯಪ್ಪ ನಿಡುಗಲ್ ಕಡೆಯವನು. ಅವನ ಅಪ್ಪ, ತಾತ ಕುರಿ ಕಾಯ್ದವರು. ಇವನಿಗೆ ಗಂಟೆ ಹೊಡೆಯುವ ಕೆಲಸ ಸಿಕ್ಕಿತ್ತು. ಗಂಟೆ ಹೊಡೆಯುವುದರಲ್ಲೂ ಅವನಿಗೊಂದು ಲಯವಿತ್ತು. ಯಾಕೆಂದರೆ ಆಸಾಮಿ ಡೊಳ್ಳು ಕುಣಿತದಲ್ಲಿ ಎತ್ತಿದ ಕೈ. ಆ ವರ್ಷ ಜಿಲ್ಲೆಯ ಡೊಳ್ಳಿನ ತಂಡವೊಂದು ದೆಹಲಿಯ ಗಣರಾಜ್ಯೋತ್ಸವದ ಮೆರವಣಿಗೆಗೆ ಆಯ್ಕೆಯಾಯಿತು, ಅದರಲ್ಲಿ ಕರಿಯಪ್ಪನೂ ಇದ್ದ. ಒಂದು ತಿಂಗಳು ಮೊದಲೇ ಹೋಗಬೇಕು. ಅವನ ಹೆಂಡತಿ ಈರಮ್ಮ ಕಳಿಸುವುದಿಲ್ಲವೆಂದು ಹಠ ಹಿಡಿದಳು. ನನ್ನ ಮನೆಗೇ ಬಂದು, "ಮೇಷ್ಟ್ರೇ, ನೀವಾದ್ರೂ ಯೋಳಿ. ಈ ವಯಸ್ನಾಗೆ ಡೆಲ್ಲಿ ಚಳೀಲಿ ಬರಿ ಮೈಯಾಗೆ ಕುಣಿಯೋಕೆ ಓಯ್ತಾರಂತೆ! ಅಲ್ಲಿ ಕುಣುದ್ರೆ ನಾವು ಕಂಡೇವಾ?" ಅಂದಳು.

"ಕಾಣ್ತೀಯಮ್ಮ!" ಎಂದು ನಾನು ಎದ್ದೇ ನಿಂತೆ. "ಅಷ್ಟರಲ್ಲಿ ನಮ್ಮ ಟೀವಿ ಬಂದಿರುತ್ತೆ. ಅವನು ಅಲ್ಲಿ ಕುಣೀತಿರೋ ಹೊತ್ತಿಗೇ ನೀನು ಇಲ್ಲಿ ನೋಡ್ತೀಯ. ಅಷ್ಟೇ ಅಲ್ಲ, ನಾನು ಅದನ್ನ ಹಿಡಿದಿಡ್ತೀನಿ. ಅವನು ಬಂದ ಮೇಲೆ ತನ್ನ ಕುಣಿತ ತಾನೇ ನೋಡ್ಕೋಬಹುದು."

ಬಾಗಿಲ ಬಳಿ ನಿಂತಿದ್ದ ಕರಿಯಪ್ಪ ಈ ಕೊನೆಯ ಮಾತಿಗೆ ತಲೆ ಎತ್ತಿದ. "ನನ್ ಕುಣಿತ ನಾನೇ ನೋಡ್ಕಣಾದಾ ಸಾಮಿ?" ಅಂದ. "ಇಪ್ಪತ್ತು ವರ್ಸದಿಂದ ಕುಣೀತಾ ಇವ್ನಿ. ಎಲ್ರೂ ಚೆನ್ನಾಗೈತೆ ಅಂತಾರೆ. ಹೆಂಗೈತೆ ಅಂತ ನಂಗೊಬ್ಬನಿಗೇ ಗೊತ್ತಿಲ್ಲ," ಅಂದ. ಅವನು ಅದನ್ನು ನಗುತ್ತ ಹೇಳಲಿಲ್ಲ. ಈರಮ್ಮ ಗಂಡನ ಮುಖ ನೋಡಿದಳು, ಮತ್ತೆ ಬೇಡವೆನ್ನಲಿಲ್ಲ. ಮರುವಾರ ಕರಿಯಪ್ಪ ತನ್ನ ಡೊಳ್ಳನ್ನು ಹಳೇ ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ಅವನು ಹೋಗಿ ಎರಡು ವಾರವಾದರೂ ಟೀವಿಯಿಲ್ಲ. ಈರಮ್ಮ ದಿನಾ ಶಾಲೆಯ ಮುಂದೆ ಹಾದುಹೋಗುವಾಗ ನನ್ನ ಕಡೆ ನೋಡುತ್ತಿದ್ದಳು. ನಾನು ಕರಿಹಲಗೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ಕೊನೆಗೆ ಸಂಕ್ರಾಂತಿಯಾದ ನಾಲ್ಕನೇ ದಿನ ಒಂದು ಲಾರಿ ಬಂತು. ಇಡೀ ಶಾಲೆ ಹೊರಗೆ! ಟೀವಿ ಇಳಿಯಿತು, ವೀಸಿಆರ್ ಇಳಿಯಿತು, ಆಮೇಲೆ ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ಸುರುಳಿಗಳೂ ಕಬ್ಬಿಣದ ಪಟ್ಟಿಗಳೂ ಇಳಿದವು. ಅದೇ ಡಿಶ್ಶು. ಜೊತೆಗೆ ಬಂದಿದ್ದ ತಂತ್ರಜ್ಞರು ಎರಡು ದಿನ ಕೂತು ಅದನ್ನು ಕಟ್ಟಿ, ಆಕಾಶದ ಕಡೆ ವಾಲಿಸಿದಾಗ ಶಾಲೆಯ ಅಂಗಳದಲ್ಲಿ ಮಗುಚಿದ ಕೊಡೆ ಕೂತ ಹಾಗಿತ್ತು. ಶಾರದೆ ಬಂದು ಅದನ್ನು ಸುತ್ತಿ ನೋಡಿ, "ಸಂಡಿಗೆ ಒಣಗಿಸೋಕೆ ಎಷ್ಟು ಚೆನ್ನಾಗಿದೆ!" ಅಂದಳು. ತಂತ್ರಜ್ಞರು ಒಂದೊಂದು ಗುಂಡಿಯನ್ನೂ ತೋರಿಸಿದರು. ನಾನು ಮಧ್ಯೆ ಮಧ್ಯೆ "ಗೊತ್ತು, ಗೊತ್ತು" ಅನ್ನುತ್ತಿದ್ದುದರಿಂದ ಅವರು ಬೇಗ ಮುಗಿಸಿ ಮಧುಗಿರಿ ಬಸ್ಸು ಹಿಡಿದರು.

ಗಣರಾಜ್ಯೋತ್ಸವದ ಬೆಳಗ್ಗೆ ನಮ್ಮದೇ ಬಾವುಟವನ್ನು ಆತುರಾತುರವಾಗಿ ಹಾರಿಸಿ, ಮಕ್ಕಳಿಗೆ ಪೆಪ್ಪರಮೆಂಟು ಹಂಚಿ, ಎಲ್ಲರೂ ದೊಡ್ಡ ಕೋಣೆಗೆ ನುಗ್ಗಿದೆವು. ಒಳಗೆ ಎಷ್ಟು ಜನವೋ ಕಿಟಕಿಯಲ್ಲೂ ಅಷ್ಟೇ ಜನ. ನಿಡುಗಲ್ಲಿಂದ ಒಂದು ಗಾಡಿ ತುಂಬ ನೆಂಟರು ಬಂದಿದ್ದರು. ಈರಮ್ಮ ಮುಂದಿನ ಸಾಲಿನಲ್ಲಿ, ಮದುವೆಯ ಸೀರೆಯುಟ್ಟು, ತಲೆಗೆ ಹೂ ಮುಡಿದು ಕೂತಿದ್ದಳು. ಚಿತ್ರದಲ್ಲಿ ಚುಕ್ಕಿಗಳು ಸುರಿಯುತ್ತಿದ್ದವು. ಒಬ್ಬರು "ಡೆಲ್ಲೀಲಿ ಮಂಜು" ಅಂದರು. ನಾನು ಅದು ಮಂಜಲ್ಲ, ಡಿಶ್ಶಿನ ದಿಕ್ಕು ಕೊಂಚ ತಪ್ಪಿರುವುದರಿಂದ ಹಾಗೆ ಎಂದು ವಿವರಿಸಿದೆ, ಯಾರೂ ನಂಬಲಿಲ್ಲ. ಫಿರಂಗಿ ಬಂದವು, ಕುದುರೆ ಬಂದವು, ಒಂಟೆ ಬಂದವು. ಎರಡು ಗುಂಡಿಗಳ ಮೇಲೆ ಎರಡು ಬೆರಳಿಟ್ಟುಕೊಂಡು ನಾನು ಕಾದು ಕೂತಿದ್ದೆ. ವಿವರಣೆ ಹಿಂದಿಯಲ್ಲಿ, ನಮ್ಮ ಶಾಲೆಯ ಹಿಂದಿ ಪಂಡಿತರು ಅವತ್ತೇ ರಜೆ ಹಾಕಿದ್ದರು.

ಆಗ ಡೊಳ್ಳು ಬಂತು! ತಲೆಗೆ ರುಮಾಲು, ಸೊಂಟದಲ್ಲಿ ಡೊಳ್ಳು, ಹದಿನೈದಿಪ್ಪತ್ತು ಜನ, ಎಗರಿ ಎಗರಿ ಕುಣಿಯುತ್ತ. ನಾನು ಒತ್ತಿದೆ. ಕೆಂಪು ದೀಪ ಹತ್ತಿತು. ಕೋಣೆಯೇ ಹಾರಿಹೋಗುವ ಹಾಗೆ ಕೂಗು. "ಅಗೋ ನಮ್ ಕರಿಯಪ್ಪ!" ಎಂದು ಒಬ್ಬ ಬಲಗಡೆ ತೋರಿಸಿದ, ಇನ್ನೊಬ್ಬ ಎಡಗಡೆ ತೋರಿಸಿದ. ಗಂಗಾಧರಯ್ಯನವರು ಕುರ್ಚಿಯಿಂದೆದ್ದು ನಡುವಿನವನನ್ನು ತೋರಿಸಿ, "ಅವನ ಗಂಟೆಯ ಪೆಟ್ಟೇ ಇದು, ಅನುಮಾನವೇ ಇಲ್ಲ," ಅಂದರು. ಈರಮ್ಮ ಎದ್ದು ಟೀವಿಯ ಹತ್ತಿರ ಹೋಗಿ, ಎಡದಿಂದ ಮೂರನೆಯವನ ಮೇಲೆ ಬೆರಳಿಟ್ಟು, "ಇವ್ರೇ," ಅಂದಳು. ಕಟ್ಟಿಕೊಂಡವಳ ಮಾತಿಗೆ ಎದುರುಂಟೆ? ಎಲ್ಲರೂ ಒಪ್ಪಿದೆವು. ಅವಳು ಟೀವಿಗೇ ದೃಷ್ಟಿ ತೆಗೆದು, ನೆಟಿಕೆ ಮುರಿದು, ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಡೊಳ್ಳು ಸರಿದುಹೋಗಿ ಇನ್ನೇನೋ ಬಂತು.

"ಆಗೋಯ್ತಾ?" ಅಂದಳು ಈರಮ್ಮ. ಆ ದನಿಯಲ್ಲಿದ್ದ ನಿರಾಸೆ ಕೇಳಿ ನನಗೆ ನನ್ನ ಯಂತ್ರದ ಮಹಿಮೆಯೆಲ್ಲ ಒಟ್ಟಿಗೆ ನೆನಪಾಯಿತು. "ಆಗೋಗೋದು ಅನ್ನೋ ಮಾತೇ ಇಲ್ಲಮ್ಮ ಇನ್ಮೇಲೆ!" ಎಂದು, ನಿಲ್ಲಿಸುವ ಗುಂಡಿ ಒತ್ತಿ, ಟೇಪನ್ನು ಹಿಂದಕ್ಕೆ ಸುತ್ತಿ, ಅದೇ ಕ್ಷಣ ಮತ್ತೆ ತೋರಿಸಿದೆ. ಜನ ಹುಚ್ಚೆದ್ದರು. "ಇನ್ನೊಂದ್ಸಲ ಮೇಷ್ಟ್ರೇ!" ಅಂದರು. ಇನ್ನೊಂದು ಸಲ ತೋರಿಸಿದೆ. ಕಿಟಕಿಯವರಿಗಾಗಿ ಮತ್ತೊಂದು ಸಲ. ರೆಡ್ಡಿಯವರು ತಡವಾಗಿ ಬಂದದ್ದರಿಂದ ಅವರಿಗಾಗಿ ಪ್ರತ್ಯೇಕವಾಗಿ ಒಂದು ಸಲ. ಎಲ್ಲ ಮುಗಿಸಿ ಟೀವಿಯನ್ನು ಮತ್ತೆ ದೆಹಲಿಗೆ ತಿರುಗಿಸಿದಾಗ ವಿಮಾನಗಳು ಹಾರುತ್ತಿದ್ದವು. ಆ ದಿನ ನನ್ನನ್ನು ಹೊತ್ತು ಮೆರೆಸಲಿಲ್ಲ, ಅಷ್ಟೆ. ಮುಂದಿನ ಹತ್ತು ದಿನ ನಿಡುಗಲ್ಲಿನವರು ಎಷ್ಟು ಸಲ ಬಂದು ನೋಡಿದರೆಂದರೆ, ಆ ಮೂರನೆಯವನು ಯಾವ ಹೆಜ್ಜೆಗೆ ಕತ್ತು ಕೊಂಕಿಸುತ್ತಾನೆಂಬುದು ನಮಗೆಲ್ಲ ಬಾಯಿಪಾಠವಾಯಿತು.

ಫೆಬ್ರವರಿಯಲ್ಲಿ ಕರಿಯಪ್ಪ ಬಂದ. ಬಸ್ಸಿಳಿದವನು ಮನೆಗೂ ಹೋಗಲಿಲ್ಲ. ಡೊಳ್ಳು ಹೊತ್ತುಕೊಂಡೇ ಶಾಲೆಗೆ ಬಂದ. ಸುದ್ದಿ ತಿಳಿದು ಈರಮ್ಮ ಬಂದಳು, ಶಾರದೆ ಬಂದಳು, ಅರ್ಧ ಊರೇ ಬಂತು. ಅವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದೆವು. ಹೆಡ್‌ಮಾಸ್ಟರ ಎದುರು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲಿರಬೇಕು, ಅಂಚಿನಲ್ಲಿ ಕೂತಿದ್ದ. ನಾನು ಟೇಪು ಹಾಕಿದೆ. ಅವನು ಮುಂದಕ್ಕೆ ಬಾಗಿ, ಬಾಯಿ ತೆರೆದು ನೋಡಿದ. ಮುಗಿಯಿತು.

"ಚೆನ್ನಾಗಿ ಹೊಡ್ದವ್ರೆ," ಅಂದ.

"ನಿನ್ನನ್ನ ನೋಡಿದೆಯೇನಯ್ಯ?" ಅಂದರು ಗಂಗಾಧರಯ್ಯನವರು.

"ನಾವೆಲ್ಲಿದೀವಿ ಸಾಮಿ? ಇವ್ರು ಬ್ಯಾರೆ ಸೀಮೆಯೋರು. ಇವ್ರು ಮುಂದ್ಕೋದ್ಮೇಲೆ, ಇವ್ರ ಹಿಂದೇನೇ ನಾವು ಬಂದೋ." ಅವನು ನನ್ನ ಕಡೆ ತಿರುಗಿದ. "ನಮ್ದು ಇದರ ಮುಂದೈತಾ ಮೇಷ್ಟ್ರೇ?"

ಮುಂದೆ ಏನೂ ಇರಲಿಲ್ಲ. ಇವನು ದೆಹಲಿಯ ರಾಜಬೀದಿಯಲ್ಲಿ ಕುಣಿಯುತ್ತಿದ್ದ ಹೊತ್ತಿಗೆ, ನಾವು ಪಾವಗಡದಲ್ಲಿ ಇವನಿಗೆ ಬೆನ್ನು ಹಾಕಿ, ಇನ್ಯಾರನ್ನೋ ಇವನೆಂದುಕೊಂಡು ಮತ್ತೆ ಮತ್ತೆ ಚಪ್ಪಾಳೆ ಹೊಡೆಯುತ್ತಿದ್ದೆವು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕರಿಯಪ್ಪನ ಮುಖ ಒಂದು ಗಳಿಗೆ ಚಿಕ್ಕದಾಯಿತು, ಅದನ್ನು ನಾನು ಮರೆತಿಲ್ಲ. ಮೊದಲು ಮಾತಾಡಿದವಳು ಈರಮ್ಮ. "ಅಯ್ಯೋ ಮೇಷ್ಟ್ರೇ, ಗಂಡನ್ನ ತೋರಿಸ್ತೀನಿ ಅಂದು ಯಾವನೋ ಪರಗಂಡಸಿಗೆ ನನ್ ಕೈಲಿ ದೃಷ್ಟಿ ತೆಗೆಸ್ಬುಟ್ರಲ್ಲ!" ಎಂದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ನಾನು ಹೆದರಿದೆ, ನೋಡಿದರೆ ನಗು. ಅವಳು ನಕ್ಕದ್ದೇ ತಡ, ಕೋಣೆಯೆಲ್ಲ ನಕ್ಕಿತು. ನಾನು ಟೇಪನ್ನು ಮತ್ತೆ ಹಾಕಿ ಆ ಮೂರನೆಯವನನ್ನು ತೋರಿಸಿದೆ. ಕರಿಯಪ್ಪ ಅವನನ್ನು ದಿಟ್ಟಿಸಿ, "ಇವ್ನು ಡೆಲ್ಲಿ ಕ್ಯಾಂಪ್‌ನಾಗೆ ನನ್ ಪಕ್ಕದಾಗೇ ಮಲಗ್ತಿದ್ದ ಕಣೇ. ಒಳ್ಳೇ ಮನ್ಸ, ಬುಡು," ಅಂದ. ಅವನೂ ನಕ್ಕ.

ಆಮೇಲೆ ಹೆಂಡತಿಯ ಕಡೆ ನೋಡಿ ಕೇಳಿದ: "ನೀನು ಯಾವತ್ತಾದ್ರೂ ನಾನು ಕುಣಿಯಾದು ಪೂರ್ತಿ ನೋಡಿದೀಯಾ?"

"ಎಲ್ಲಿ? ನೀವು ಕುಣಿಯೋ ಹೊತ್ಗೆ ನಾವು ಒಲೆ ಮುಂದೆ ಇರ್ತೀವಿ."

"ಅಂಗಾರೆ ಬಾ. ನೋಡಿ ಹೆಂಗೈತೆ ಅಂತ ನೀನೇ ಯೋಳು," ಎಂದು ಕರಿಯಪ್ಪ ಕಂಬಳಿ ಬಿಚ್ಚಿ, ಡೊಳ್ಳು ಬಿಗಿದು, ಅಂಗಳಕ್ಕೆ ಇಳಿದ. ಈರಮ್ಮನನ್ನು ಎಳೆದುಕೊಂಡು ಶಾರದೆ, ಅವರ ಹಿಂದೆ ಹೆಡ್‌ಮಾಸ್ಟರು, ಹೀಗೆ ಕೋಣೆ ಒಂದೇ ನಿಮಿಷದಲ್ಲಿ ಖಾಲಿ. ಮೊದಲ ಪೆಟ್ಟಿಗೇ ಕಿಟಕಿಯ ಗಾಜು ಗುಂಯ್‌ಗುಟ್ಟಿತು. ನಾನೂ ಓಡಬೇಕಿತ್ತು. ಆದರೆ ಆಗಷ್ಟೇ ಗುಂಡಿ ಒತ್ತಿದ್ದೆ, ಟೇಪು ಹಿಂದಕ್ಕೆ ಸುತ್ತುತ್ತಿತ್ತು, ಸುತ್ತುವಾಗ ಬಿಟ್ಟುಹೋದರೆ ಸಿಕ್ಕಿಕೊಳ್ಳುತ್ತದೆಂದು ನನಗೊಂದು ಭಯ. ಮುಗಿಯಲಿ, ಈಗ ಮುಗಿಯುತ್ತದೆ ಎಂದು ಅದರ ಮುಂದೆಯೇ ನಿಂತೆ. ಹೊರಗೆ ಡೊಳ್ಳು ಏರುತ್ತ ಹೋಯಿತು, ಶಿಳ್ಳೆ ಬಿತ್ತು, ಈರಮ್ಮ ಏನೋ ಕೂಗಿದಳು, ಎಲ್ಲರೂ ಹೋ ಎಂದರು. ಟೇಪು ಟಕ್ಕೆಂದು ನಿಂತಿತು. ನಾನು ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕೆ ಬಂದಾಗ ಕರಿಯಪ್ಪ ಡೊಳ್ಳು ಬಿಚ್ಚಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ಈರಮ್ಮ ಅವನ ಪಕ್ಕ ನಿಂತು, ಕೈಯಾಡಿಸುತ್ತ, ಯಾವ ಹೆಜ್ಜೆ ಹೇಗಿತ್ತೆಂದು ಒಂದೊಂದಾಗಿ ಹೇಳುತ್ತಿದ್ದಳು. ಅವನು ಬಗ್ಗಿ ಕೇಳುತ್ತಿದ್ದ.

ನಾನು ಶಾರದೆಯ ಪಕ್ಕ ಸರಿದು, ಮೆಲ್ಲಗೆ, "ಹೇಗಿತ್ತೇ?" ಎಂದು ಕೇಳಿದೆ.

ಅವಳು ನನ್ನನ್ನೊಮ್ಮೆ, ತೆರೆದ ಬಾಗಿಲಿನ ಒಳಗಿದ್ದ ಯಂತ್ರವನ್ನೊಮ್ಮೆ ನೋಡಿದಳು. "ನೀವೂ ನೋಡಬೇಕಿತ್ತು ಕಣ್ರೀ," ಅಂದಳು.