ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಹೊಸ್ತಿನ ಊಟ

ಹೊಸ್ತಿಗೆ ದಿನ ನೋಡಿದ ಭಟ್ಟರಿಗೂ ಬ್ರಹ್ಮಾವರದಲ್ಲಿ ನಾನು ಪಾಠ ಮಾಡುವ ಕಾಲೇಜಿನ ಪರೀಕ್ಷೆಗೆ ದಿನ ನೋಡಿದವರಿಗೂ ಪರಸ್ಪರ ಪರಿಚಯವಿಲ್ಲ. ಇದ್ದಿದ್ದರೆ ಎರಡೂ ಒಂದೇ ಶನಿವಾರ ಬೀಳುತ್ತಿರಲಿಲ್ಲ. ನಾನೂ ಈಗ ತಲೆ ತಗ್ಗಿಸಿಕೊಂಡು ಇದನ್ನು ಬರೆಯುತ್ತಿರಲಿಲ್ಲ.

ಹೊಸ್ತು ಎಂದರೆ ಹೊಸ ಅಕ್ಕಿಯ ಮೊದಲ ಊಟ. ಕುಂಭಾಶಿಯ ನಮ್ಮ ಮನೆಯಲ್ಲಿ ಅದು ಅತ್ತೆ ರಾಜೀವಿಯವರ ಏಕಚಕ್ರಾಧಿಪತ್ಯ. ಈ ವರ್ಷ ಅವರ ಮೊಣಕಾಲು ಅಸಹಕಾರ ಚಳವಳಿ ಹೂಡಿತ್ತು. ಸುದ್ದಿ ತಿಳಿದ ಅವರ ತಮ್ಮ, ಬೈಂದೂರಿನ ಭೋಜರಾಜ ಮಾವ, ಫೋನಿನಲ್ಲಿ ಪ್ರಸ್ತಾವ ಮಂಡಿಸಿದರು.

"ಅಕ್ಕ, ನಿನ್ನ ಸೊಸಿ ಕಾಲೇಜಿಗೆ ಹೋಪ ಹೆಣ್ಣ್. ಇನ್ ಮೇಲೆ ಹೊಸ್ತ್ ನಮ್ಮನಿಯಂಗೇ ಮಾಡುವ."

"ನನ್ನ ಸೊಸಿ ಮಾಡತ್ತ್. ನೀ ಉಂಬುಕೆ ಬಾ ಸಾಕ್."

ಮೂವತ್ತು ವರ್ಷ ಈ ಮನೆಯಲ್ಲಿ ನಡೆದ ಹೊಸ್ತು ಮನೆ ಬಿಟ್ಟು ಬೈಂದೂರಿಗೆ ಹೋಗದಂತೆ ಕಾಯುವ ಭಾರ ಹೀಗೆ ನನ್ನ ಹೆಗಲೇರಿತು. ಶನಿವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆ ಹೆಗಲು ಪರೀಕ್ಷಾ ಕೊಠಡಿಯಲ್ಲಿರಬೇಕಾಗಿತ್ತು. ಉಳಿದದ್ದು ಒಂದೇ ಮಾರ್ಗ: ಹಿಮೀಕರಣ.

ಅಡುಗೆಯನ್ನು ಹೆಪ್ಪುಗಟ್ಟಿಸಿಡಲು ದುಬಾರಿ ಡಬ್ಬಿಗಳು ಬೇಕೆಂಬುದು ಡಬ್ಬಿ ಮಾರುವವರ ವಾದ. ನಾನು ಹಾಲಿನ ಪ್ಲಾಸ್ಟಿಕ್ ತೊಟ್ಟೆಗಳನ್ನು ತೊಳೆದು ಒಣಗಿಸಿದೆ; ಪಲ್ಯ ತುಂಬಿ, ಬಾಯಿ ಮೊಹರು ಮಾಡಿ, ಪುಸ್ತಕದಷ್ಟು ತೆಳ್ಳಗೆ ಒತ್ತಿದೆ. ಹುಳಿಯನ್ನು ಇಡ್ಲಿ ತಟ್ಟೆಯಲ್ಲಿ ಗಟ್ಟಿಯಾಗಿಸಿದೆ. (ಹುಳಿಯ ಇಡ್ಲಿ ನೋಡಲು ಎಷ್ಟು ಗಂಭೀರವಾಗಿರುತ್ತದೆಂದು ನೋಡಿದವರಿಗೇ ಗೊತ್ತು.) ಆದರೆ ನಮ್ಮ ಫ್ರೀಜರಿನ ಹೃದಯ ಕಿರಿದು. ಆಗ ನೆನಪಾದವರು ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರ್ ಆಗಿರುವ ನನ್ನ ಪತಿ ಯತೀಶ್.

"ಹ್ವಾಯ್, ಖಾಲಿ ಥರ್ಮಾಕೋಲ್ ಪೆಟ್ಗಿ ಒಂದ್ ತನ್ನಿ. ದಿನಾ ಒಂದಿಷ್ಟ್ ಐಸ್."

"ಎಂತಕೆ?"

"ಹೊಸ್ತ್ ತುಂಬುಕೆ."

"ಅದ್ರಂಗೆ ಬಂಗ್ಡಿ ಮೀನ್ ಇದ್ದದ್ ಮರಾಯ್ತಿ."

"ಬಂಗ್ಡಿಯೇ ಅದ್ರಂಗೆ ಹಾಳಾತ್ತಿಲ್ಲ. ನನ್ನ ಸೌತೆಕಾಯ್ ಹಾಳಾತ್ತಾ?"

ತರ್ಕದಲ್ಲಿ ಅವರು ಎಂದೂ ನನ್ನನ್ನು ಗೆದ್ದವರಲ್ಲ. (ಅವರದೇ ಸರಿಯಿದ್ದಾಗಲೂ.) ಪೆಟ್ಟಿಗೆಯನ್ನು ಏಳು ನೀರಿನಲ್ಲಿ ತೊಳೆದೆ, ಲಿಂಬೆ ಉಜ್ಜಿದೆ, ಮೂಸಿದೆ. ಏನೂ ವಾಸನೆಯಿರಲಿಲ್ಲ. ಐಸ್ ಪ್ಲಾಂಟಿನವರ ಕೈ ಹಿಡಿದು ಎಂಟು ವರ್ಷ ಸಂಸಾರ ಮಾಡಿದ ಮೂಗಿಗೆ ಮೀನಿನ ವಾಸನೆ ಬರಿಯ ಗಾಳಿಯೆನಿಸುತ್ತದೆಂಬ ಸೂಕ್ಷ್ಮ ಅಂದು ಹೊಳೆಯಲಿಲ್ಲ.

ಅತ್ತೆಯವರು ಮಗಳಾದ ಸುಪ್ರೀತಾಳ ಮನೆಗೆ ಹೋಗಿದ್ದ ಭಾನುವಾರ ಐದು ಬಗೆ ಬೇಯಿಸಿ, ಹೆಪ್ಪುಗಟ್ಟಿಸಿ, ಪೆಟ್ಟಿಗೆಯನ್ನು ಮಹಡಿಗೆ ಸಾಗಿಸಿದೆ. ಮಹಡಿಯ ಮೆಟ್ಟಿಲು ಅತ್ತೆಯ ಮೊಣಕಾಲಿಗೆ ನಿಷಿದ್ಧ ಪ್ರದೇಶ. ಶನಿವಾರ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ತೊಟ್ಟೆಗಳನ್ನು ಬಿಡಿಸಿ ಪಾತ್ರೆಗಳಿಗೆ ಸುರಿದು ಮುಚ್ಚಿದೆ. ಹನ್ನೊಂದಕ್ಕೆ ಬಿಸಿ ಮಾಡುವ ಹೊಣೆ ಯತೀಶರಿಗೆ.

"ಎಲ್ಲ ಮಾಡಿಟ್ಟಿದೆ ಅತ್ತೆ. ನೀವ್ ಹೊಸಕ್ಕಿ ಅನ್ನ, ಪಾಯ್ಸ ಮಾತ್ರ ಕಾಣಿ" ಎಂದವಳೇ ಬಸ್ಸು ಹತ್ತಿದೆ.

ಒಂದು ಗಂಟೆಗೆ ಮರಳಿ ನೇರ ಅಡುಗೆಮನೆಗೆ ನುಗ್ಗಿ, ಮುಚ್ಚಳ ತೆಗೆದು, ಒಂದು ಹೋಳು ಬಾಯಿಗೆ ಹಾಕಿಕೊಂಡೆ. ಸೌತೆಕಾಯಿ ಆಗಷ್ಟೇ ಬಳ್ಳಿಯಿಂದ ಇಳಿದು ಬಂದಂತಿತ್ತು. ಹಿಮೀಕರಣದ ಸಾಮರ್ಥ್ಯ ನನ್ನ ನಿರೀಕ್ಷೆಯನ್ನೂ ಮೀರಿತ್ತು. ಹೆಮ್ಮೆ ತಡೆಯಲಾಗಲಿಲ್ಲ, ಹಿಂದಿನ ದಿನವೇ ಬಂದಿದ್ದ ಸುಪ್ರೀತಾಳನ್ನು ಮೂಲೆಗೆ ಕರೆದು ಗುಟ್ಟಿನಲ್ಲಿ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ.

"ಹೌದಾ ಅತ್ಗಿ? ಎಷ್ಟ್ ದಿನ ಇಡ್ಲಕ್ಕ್?" ಅವಳು ಅಂಗೈ ತುರಿಸಿಕೊಳ್ಳುತ್ತ ಕೇಳಿದಳು.

"ತಿಂಗಳ್ ಇಟ್ರೂ ಹೀಂಗೇ ಇರತ್ತ್."

"ಅಮ್ಮಂಗೆ ಹೇಳುಕಾಗ, ಅಲ್ದಾ?"

"ಬೇಡ ಮರಾಯ್ತಿ."

ಎಲೆ ಬಿತ್ತು. ಹೊಸ್ತಿನ ಊಟಕ್ಕೆ ಕೈ ಹಾಕುವ ಮೊದಲು ಪ್ರತಿಯೊಬ್ಬರೂ ಹಿರಿಯರ ಮುಖ ನೋಡಿ "ಹೊಸ್ತ್ ಉಂತೆ" (ಹೊಸ್ತು ಉಣ್ಣುತ್ತೇನೆ) ಎಂದು ಅಪ್ಪಣೆ ಕೇಳಬೇಕು. ಭೋಜರಾಜ ಮಾವ ಎಲೆಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದರು.

"ಅಕ್ಕ, ಸೋತೆ. ನಿನ್ನ ಸೊಸಿ ಗಟ್ಟಿಗಿತ್ತಿ. ಹೊಸ್ತ್ ಇಲ್ಲೇ ಇರ್ಲಿ. ಹೊಸ್ತ್ ಉಂತೆ."

"ಉಣ್" ಎಂದರು ಅತ್ತೆ. "ನಾ ಹೇಳ್ಲಿಲ್ಯಾ? ಎಲ್ಲ ನನ್ನ ಸೊಸಿಯೇ ಮಾಡದ್."

ಯತೀಶ್ ಕೇಳಿದರು, ಸುಪ್ರೀತಾ ಕೇಳಿದಳು. ನನ್ನ ಸರದಿ ಬಂತು. ವರ್ಷದ ಮೊದಲ ಅಕ್ಕಿ ಎಲೆಯ ನಡುವೆ ಹಬೆಯಾಡುತ್ತಿತ್ತು. ಸುತ್ತ ಆರು ದಿನದ ತಂಗಳು. ನನ್ನ ಮೇಲೆ ಅಷ್ಟು ವಿಶ್ವಾಸವಿಟ್ಟು ಕೂತ ಆ ಮುಖಕ್ಕೆ "ಹೊಸ್ತ್" ಎಂದು ಹೇಗೆ ಹೇಳಲಿ? ವೈಚಾರಿಕಳೆಂದು ಕರೆದುಕೊಳ್ಳುವ ನನಗೆ ಎರಡು ಪದ ಗಂಟಲಲ್ಲಿ ಹೆಪ್ಪುಗಟ್ಟಿದವು.

"ಅತ್ತೆ, ಇದ್ ಇವತ್ತಿಂದಲ್ಲ. ಹ್ವಾದ ಆಯ್ತಾರ ಮಾಡಿ, ಮೀನಿನ ಪೆಟ್ಗಿಯಂಗೆ ಐಸ್ ಹಾಕಿ ಇಟ್ಟದ್."

ಮಾವನ ಕೈ ಅನ್ನದ ಮೇಲೆಯೇ ನಿಂತಿತು. ಯತೀಶ್ ಅತೀವ ಆಸಕ್ತಿಯಿಂದ ನೀರಿನ ಲೋಟವನ್ನು ಅಧ್ಯಯನ ಮಾಡತೊಡಗಿದರು. ಅತ್ತೆ ಕಣ್ಣು ಮುಚ್ಚಿ ತೆರೆದರು.

"ನಿಂದ್ ಎಲ್ಲ ಬೆಳಿಗ್ಗೆಯೇ ಹಟ್ಟಿ ಬದಿಗೆ ಚೆಲ್ಲಿಯಾಯ್ತ್" ಎಂದರು ಮೆಲ್ಲಗೆ. "ಮುಚ್ಚಲ್ ತೆಗ್ದ್ರೆ ಮೀನ್ ಬಂದರಂಗೆ ನಿಂತಾಂಗೆ ಇತ್ತ್. ದನ ಮೂಸ್ಲಿಲ್ಲ. ಬೆಕ್ಕ್ ಬಿಡ್ಲಿಲ್ಲ. ಇದ್ ನಾನೂ ಸುಪ್ರೀತನೂ ಇವತ್ತ್ ಮಾಡದ್. ನೀ ಸುಮ್ನೆ ಉಂಡ್ರೆ ಆತಿತ್ತಲೆ."

"ಸುವರ್ಣಗೆಡ್ಡೆ ಕೊಯ್ದ್ ಕೈ ತುರಿಸ್ತಿತ್ತ್ ಅತ್ಗಿ" ಎಂದಳು ಸುಪ್ರೀತಾ. "ಆದ್ರೂ ನಿಮ್ ಪಾಠ ಪೂರಾ ಕೇಂಡೆ."

ಆಗ ನೋಡಿದೆ, ಅತ್ತೆಯ ಮೊಣಕಾಲಿಗೆ ಎಣ್ಣೆಬಟ್ಟೆ ಬಿಗಿದಿತ್ತು. ನನ್ನ ಮರ್ಯಾದೆಗಾಗಿ ಅವರು ನಾಲ್ಕು ಗಂಟೆ ನಿಂತು ಕಟ್ಟಿದ ಸುಳ್ಳನ್ನು ನನ್ನ ಪ್ರಾಮಾಣಿಕತೆ ಒಂದೇ ಉಸಿರಿಗೆ ಕೆಡವಿತ್ತು.

ಮಾವ ಗಂಟಲು ಸರಿಪಡಿಸಿಕೊಂಡರು. "ಹಂಗಾರೆ ಅಕ್ಕ, ಬಪ್ಪ ವರ್ಷ ಬೈಂದೂರಂಗೇ ಅಲ್ದಾ?"

ಅತ್ತೆ ಗೋಡೆಯತ್ತ ನೋಡಿದರು. "ಆಯ್ಲಿ" ಎಂದರು.

ಎಲ್ಲರಿಗೂ ಅಪ್ಪಣೆ ಸಿಕ್ಕಿತ್ತು, ನನ್ನೊಬ್ಬಳನ್ನು ಬಿಟ್ಟು. ಎಲೆಯಿಂದ ಕಣ್ಣೆತ್ತದೆ, ನನಗೇ ಕೇಳಿಸದಷ್ಟು ಸಣ್ಣ ದನಿಯಲ್ಲಿ ಹೇಳಿದೆ:

"ಅತ್ತೆ, ಹೊಸ್ತ್ ಉಂತೆ."

"ಉಣ್ ಮಗಾ" ಎಂದರು ಅತ್ತೆ. "ತಣ್ದ್ ಹೋತ್ತ್."